ಹುಡೇವು ಇಳಿಸಿದ ವರ್ಷ

ಸುರಪುರದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಾಡೆಯ ಗೋಡೆಗೆ ಗಚ್ಚು ಹಾಕುತ್ತಿದ್ದಾರೆ. ಸಿಮೆಂಟಲ್ಲ, ಹಿಂದಿನವರು ಹಾಕುತ್ತಿದ್ದಂಥ ಸುಣ್ಣದ ಗಚ್ಚು. ಮಹಾನವಮಿಯ ಹೊತ್ತಿನಲ್ಲಿ ಒಂದು ಸಂಜೆ ತಿರುಗಾಡಿ ಬರುವಾಗ ಅಲ್ಲಿ ನಿಂತುಬಿಟ್ಟೆ. ಅರಳಿದ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಎರಡು ದಿನ ಮುಚ್ಚಿಟ್ಟರೆ ಅದರಿಂದ ಒಂದು ಹುಳಿ ವಾಸನೆ ಏಳುತ್ತದೆ. ಹಳಸಿದ ಅಂಬಲಿಯ ವಾಸನೆಗೆ ಹತ್ತಿರ, ಆದರೆ ಅಷ್ಟು ಕೆಟ್ಟದ್ದಲ್ಲ. ಮೂಗಿನ ತುದಿ ಚುರ್ ಅನ್ನುತ್ತದೆ. ಆ ವಾಸನೆಗೆ ನನಗೆ ಮತ್ತೆ ಇಪ್ಪತ್ತನಾಲ್ಕು ವರ್ಷವಾಯಿತು. ಕೈಯಲ್ಲಿ ಕೆಂಪು ಜಾಜಿನ ಕುಂಚ, ಎದುರಿಗೆ ಕಲ್ಲಿನ ರಾಶಿ, ಹಿಂದಿನಿಂದ ಒಬ್ಬ ಹೆಣ್ಣುಮಗಳು "ಮಾಸ್ತರ, ನಿಮ್ಮ ಅಂಕಿ ತಪ್ಪ್ಯಾವ್ರಿ" ಅನ್ನುತ್ತಿದ್ದಾಳೆ.

ಮನೆಗೆ ಬಂದು ಟ್ರಂಕಿನಿಂದ ಆ ವರ್ಷದ ದಿನಚರಿ ತೆಗೆದೆ. ಆಗ ಮಾಸ್ತರನಾಗಿದ್ದ ಊರಿನ ಹುಡೇವಿನ ಕಥೆಯನ್ನು ನಾನು ಇಷ್ಟು ವರ್ಷದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದು ಹೊಳೆಯ ಕಲ್ಲಿನ ಹಾಗೆ ನುಣುಪಾಗಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ರಾತ್ರಿಯ ಊಟಕ್ಕೆ ಕರೆ ಬರುವಷ್ಟರಲ್ಲಿ ದಿನಚರಿ ಓದಿ ಮುಗಿಸಿದೆ. ನಾನು ಹೇಳುತ್ತ ಬಂದ ಕಥೆಯಲ್ಲಿ ಎರಡು ಸುಳ್ಳು ಸಿಕ್ಕವು. ಒಂದು ಮರೆವಿನಿಂದ ಆದದ್ದು. ಇನ್ನೊಂದು ಮರೆವಿನಿಂದ ಆದದ್ದಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅದು ೧೯೫೬. ಹೈದರಾಬಾದ್ ರಾಜ್ಯ ಮೂರು ಹೋಳಾಗಿ, ನಮ್ಮ ಕಡೆಯ ಜಿಲ್ಲೆಗಳು ಮೈಸೂರಿನ ಜೊತೆ ಸೇರುವುದೆಂದು ನಿಶ್ಚಯವಾಗಿದ್ದ ವರ್ಷ. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಶಹಾಪುರದಿಂದ ಭೀಮಾ ನದಿಯ ಕಡೆಗಿರುವ ಒಂದು ಸಣ್ಣ ಊರಿಗೆ ಮಾಸ್ತರನಾಗಿ ಬಂದಿದ್ದೆ. ದಾಖಲೆಯಲ್ಲಿ ಆ ಊರಿಗೆ ಬೇರೆ ಹೆಸರಿದೆ. ಸುತ್ತಲಿನವರೆಲ್ಲ ಅನ್ನುತ್ತಿದ್ದದ್ದು ಹುಡೇದೂರು. ಊರ ನಡುವೆ ಒಂದು ಹುಡೇವು ಇತ್ತು. ಹುಡೇವು ಅಂದರೆ ನಮ್ಮ ಕಡೆ ಊರ ಕಾವಲಿಗೆ ಕಟ್ಟಿಸಿದ ದುಂಡನೆಯ ಕಲ್ಲಿನ ಬುರುಜು. ಸುತ್ತ ಕಲ್ಲಿನ ಗೋಡೆ, ಹೊಟ್ಟೆಯೊಳಗೆ ಮಣ್ಣಿನ ಭರ್ತಿ, ಹೊರಮೈಗೆ ಸುತ್ತಿಕೊಂಡು ಏರುವ ಮೆಟ್ಟಿಲು. ಸುರಪುರದ ನಾಯಕರ ಕಾಲದ್ದು ಅನ್ನುತ್ತಿದ್ದರು. ಯಾವ ನಾಯಕರು ಎಂದು ಕೇಳಿದರೆ ಸುಮ್ಮನಾಗುತ್ತಿದ್ದರು.

ನಾನು ಹೋದ ವರ್ಷಕ್ಕೆ ಅದರ ಒಂದು ಮಗ್ಗುಲು ಉಬ್ಬಿಕೊಂಡಿತ್ತು. ಮೇಲಿನಿಂದ ಮಳೆನೀರು ಇಳಿದು ಒಳಗಿನ ಮಣ್ಣು ನೆನೆದು ಕಲ್ಲನ್ನು ಹೊರಕ್ಕೆ ದಬ್ಬುತ್ತಿತ್ತು. ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿತ್ತು. "ಹುಡೇಕ್ಕ ದಿನಾ ತುಂಬ್ಯಾವ, ಯಾವಾಗ ಹಡಿತದೋ ಏನೋ" ಎಂದು ಹೆಂಗಸರು ನೀರಿಗೆ ಹೋಗುವಾಗ ನಗುತ್ತಿದ್ದರು. ನಗುತ್ತಲೇ ಆ ಬದಿ ಬಿಟ್ಟು ಈ ಬದಿಯಿಂದ ಹಾಯುತ್ತಿದ್ದರು.

ನಗದಿದ್ದವನು ಸಾಬಣ್ಣ. ಅವನು ಊರ ತಳವಾರ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಆ ಹುಡೇವಿನ ಮೇಲೆ ನಿಂತು ಊರು ಕಾದವರು. ಊರ ಅರ್ಧ ಹೊಲ ಹಳ್ಳದ ಆಚೆ. ಭೀಮೆ ತುಂಬಿದರೆ ನೀರು ಹಿಂದಕ್ಕೆ ಸರಿದು ಹಳ್ಳಕ್ಕೆ ನುಗ್ಗುತ್ತದೆ, ಆಚೆ ಹೋದವರು ಆಚೆಯೇ ಉಳಿಯುತ್ತಾರೆ. ಅದನ್ನು ಮೊದಲು ಕಂಡು ಕೂಗಿ ಕರೆಯುವುದು ಸಾಬಣ್ಣನ ಕೆಲಸ. ಅರವತ್ತು ದಾಟಿತ್ತು, ಮಂಡಿ ಹಿಡಿಯುತ್ತಿತ್ತು, ಆದರೂ ದಿನಕ್ಕೆರಡು ಸಲ ಏರುತ್ತಿದ್ದ. "ಅಲ್ಲಿ ನಿಂತ್ರ ನಾ ತಳವಾರ್ರಿ ಮಾಸ್ತರ" ಎಂದಿದ್ದ ಒಮ್ಮೆ. "ನೆಲದ ಮ್ಯಾಲ ನಿಂತ್ರ ನಾನೂ ಒಬ್ಬ ಮುದುಕ, ಅಷ್ಟ."

ಯುಗಾದಿ ಮುಗಿದ ವಾರ ಊರಿನವರು ಸೇರಿ, ಸರಕಾರಕ್ಕೆ ಅರ್ಜಿ ಕೊಡುವುದೆಂದು ಠರಾಯಿಸಿದರು. ಅರ್ಜಿ ಬರೆಯುವವನು ನಾನು. ಅಲ್ಲಿಯವರೆಗೆ ಕಾಗದ ಅಂದರೆ ಉರ್ದು. ನನಗೂ ಉರ್ದು ಚೆನ್ನಾಗಿ ಬರುತ್ತಿತ್ತು, ಓದಿದ್ದೇ ಅದರಲ್ಲಿ. ಆದರೆ ಹೈದರಾಬಾದಿನಲ್ಲಿ ಓದುವಾಗ ಕನ್ನಡದ ಹುಡುಗರೆಲ್ಲ ಒಂದು ಕೋಣೆಯಲ್ಲಿ ಕೂಡುತ್ತಿದ್ದೆವು. ಧಾರವಾಡದಿಂದ, ಮೈಸೂರಿನಿಂದ ಬಂದ ಪುಸ್ತಕಗಳನ್ನು ಓದಿ ಓದಿ, ಮಾತಿನ ನಡುವೆ ಒಂದು ಉರ್ದು ಶಬ್ದ ಬಂದರೆ ನಾಚಿಕೆಪಡುವುದನ್ನು ಕಲಿತಿದ್ದೆವು. ಇನ್ನು ಕನ್ನಡದ ಕಾಲ, ಅರ್ಜಿ ಕನ್ನಡದಲ್ಲೇ ಎಂದು ಹೇಳಿದೆ. ಊರವರಿಗೆ ಖುಷಿಯಾಯಿತು.

ಸಾಬಣ್ಣ ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು ಹೇಳಿಸಿದ. "ನಮ್ಮ ಹುಡೇ ಬೀಳಾಕತ್ತದ. ಮರಮ್ಮತ್ ಮಾಡಿಸಿ ಕೊಡ್ರಿ. ಇಷ್ಟ ಬರೀರಿ."

"ಮರಮ್ಮತ್ ಬೇಡ ಸಾಬಣ್ಣ. ಅದು ನಮ್ಮ ಭಾಷೆಯದಲ್ಲ" ಎಂದೆ.

"ಅಲ್ಲೇನ್ರಿ? ನಮ್ಮ ಅಜ್ಜನೂ ಮರಮ್ಮತ್ ಅಂತಿದ್ದ."

"ಜೀರ್ಣೋದ್ಧಾರ ಅಂತ ಬರೀತೀನಿ. ಛಲೋ ಶಬ್ದ."

ಅವನು ಆ ಶಬ್ದವನ್ನು ಒಮ್ಮೆ ಬಾಯಲ್ಲಿ ಹೊರಳಾಡಿಸಿ ನೋಡಿದ. ಅರ್ಧಕ್ಕೆ ಕೈಬಿಟ್ಟ. "ಅವರಿಗಿ ತಿಳಿತದೇನ್ರಿ?" ಎಂದು ಕೇಳಿದ. "ತಿಳಿಯದಿದ್ದರೆ ಕಲಿಯಲಿ" ಎಂದೆ.

ಈ ಮಾತು ದಿನಚರಿಯಲ್ಲಿ ಹೀಗೇ ಇದೆ. ನನ್ನ ಅಕ್ಷರದಲ್ಲೇ ಇದೆ, ಕೆಳಗೆ ಗೆರೆ ಬೇರೆ ಎಳೆದಿದ್ದೇನೆ. ಆ ದಿನ ಅದು ನನಗೆ ಶಾಭಾಸ್ ಅನ್ನಿಸಿಕೊಳ್ಳುವ ಮಾತಾಗಿ ಕಂಡಿರಬೇಕು.

ಬೇಸಿಗೆ ಹೋಯಿತು. ಮುಂಗಾರು ಹದವಾಗಿ ಬಂತು, ಹೆಸರು ಬೆಳೆಯಿತು. ಶ್ರಾವಣದ ಜಡಿಮಳೆಗೆ ಹುಡೇವಿನ ತುದಿಯ ಹತ್ತಾರು ಕಲ್ಲು ಒಂದು ಬೆಳಗಿನ ಜಾವ ಉರುಳಿದವು. ಯಾರಿಗೂ ಏನೂ ಆಗಲಿಲ್ಲ. ಅದಾದ ಮೇಲೆ ಸಾಬಣ್ಣನ ಹೆಂಡತಿ ಭೀಮವ್ವ ಗಂಡನನ್ನು ಏರಲು ಬಿಡುತ್ತಿರಲಿಲ್ಲ. ಅವಳು ನೀರಿಗೆ ಹೋದಾಗ ಅವನು ಏರುತ್ತಿದ್ದ; ತಿರುಗಿ ಬರುತ್ತ ಅವಳು ದೂರದಿಂದಲೇ ಅವನನ್ನು ತುದಿಯಲ್ಲಿ ಕಂಡು ಬೈಯುತ್ತ ಬರುತ್ತಿದ್ದಳು. "ಬೀಳು, ಬಿದ್ದ ಸಾಯಿ, ನಿನ್ನ ಹೊರಾಕ ನಾ ಮಾತ್ರ ಬರಂಗಿಲ್ಲ" ಎಂಬ ಅವಳ ಧ್ವನಿ ಶಾಲೆಯವರೆಗೂ ಕೇಳಿಸುತ್ತಿತ್ತು.

ಶ್ರಾವಣ ಮುಗಿಯುವಾಗ ಸರಕಾರದ ಹುಕುಂ ಬಂತು. ಉರ್ದುವಿನಲ್ಲಿತ್ತು. ಚಾವಡಿಯ ಕಟ್ಟೆಯ ಮೇಲೆ ಊರವರೆಲ್ಲ ಕೂತಿದ್ದರು. ನಾನು ಓದಿದೆ, ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಗಟ್ಟಿಯಾಗಿ. ಊರಿನ ಬುರುಜು ಮಖ್ದೂಶ್ ಆಗಿರುವುದಾಗಿ ಊರವರೇ ಅರ್ಜಿ ಕೊಟ್ಟಿದ್ದರಿಂದ, ಮಖ್ದೂಶ್ ಅಂದರೆ ಜೀವಕ್ಕೆ ಅಪಾಯದ ಕಟ್ಟಡ, ಅದನ್ನು ಊರವರೇ ದೀಪಾವಳಿಯೊಳಗೆ ಇಳಿಸತಕ್ಕದ್ದು. ಇಳಿಸದಿದ್ದರೆ ಕಚೇರಿಯಿಂದ ಆಳು ಬಂದು ಕೆಡವುತ್ತಾರೆ.

ಸಾಬಣ್ಣ ನನ್ನ ಮುಖ ನೋಡಿದ. ನಾನು ಕಾಗದ ನೋಡಿದೆ.

ಮರುದಿನ ಕಚೇರಿಗೆ ಹೋದೆ. ಅದು ಯಾವ ಕಚೇರಿ ಎಂದು ಹೇಳುವುದು ಬೇಡ, ತಪ್ಪು ಅಲ್ಲಿಯದಾಗಿರಲಿಲ್ಲ. ಗುಮಾಸ್ತ ವಯಸ್ಸಾದವನು, ಸಭ್ಯ. ಕನ್ನಡ ಮನೆಮಾತು, ಆದರೆ ಬರೆದು ಓದಿದ್ದೆಲ್ಲ ಉರ್ದು. ನನ್ನ ಅರ್ಜಿಯನ್ನು ತೆಗೆದು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿ ತೋರಿಸಿದ.

"ನೋಡ್ರಿ, ನೀವ ಬರದೀರಿ. ಹುಡೇ ಜೀರ್ಣ ಆಗ್ಯಾದ. ಆತು, ತಿಳೀತು. ಮುಂದ ಉದ್ಧಾರ ಮಾಡ್ರಿ ಅಂದೀರಿ. ನಮ್ಮ ಮನ್ಯಾಗ ನಮ್ಮವ್ವ ನನಗ ದಿನಾ ಅಂತಿದ್ಲು, ಉದ್ಧಾರ ಮಾಡಿದಿ ಬಿಡಪ್ಪಾ ಮನೀನ ಅಂತ. ಉದ್ಧಾರ ಮಾಡು ಅಂದ್ರ ಮುಗಿಸಿಬಿಡು ಅಂತ್ಲೇ ನಾ ತಿಳಕೊಂಡೆ. ಉರ್ದುದಾಗ ಬರದು ಮ್ಯಾಲ ಕಳಿಸಿದೆ."

"ರಿಪೇರಿ ಅಂತ ಅದರ ಅರ್ಥ" ಎಂದೆ.

"ಹಂಗಾದ್ರ ಮರಮ್ಮತ್ ಅಂತ ಬರೀಬಾರ್ದೇನ್ರಿ?" ಅಂದ. ಚುಚ್ಚುವುದಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಕಾಗದ ಜಿಲ್ಲೆಗೆ ಹೋಗಿ ಸಹಿಯಾಗಿ ಬಂದಿತ್ತು. ನವೆಂಬರಿನಲ್ಲಿ ರಾಜ್ಯವೇ ಬದಲಾಗುವುದರಿಂದ ಬಾಕಿ ಇದ್ದದ್ದನ್ನೆಲ್ಲ ಮುಗಿಸಿ ಕಳಿಸಬೇಕೆಂದು ಮೇಲಿನಿಂದ ಒತ್ತಾಯವಿತ್ತು. ಈಗ ಹೊಸ ಅರ್ಜಿ ತೆಗೆದುಕೊಳ್ಳುವವರಿರಲಿಲ್ಲ.

ಸಂಜೆ ಊರಿಗೆ ತಿರುಗಿ ಬಂದಾಗ ಚಾವಡಿಯಲ್ಲಿ ಎಲ್ಲರೂ ಕಾಯುತ್ತಿದ್ದರು. ಏನಾಯಿತು ಎಂದು ಕೇಳಿದರು. "ಕಚೇರಿಯವರು ಅರ್ಜಿ ತಪ್ಪು ಓದ್ಯಾರ" ಎಂದೆ.

ಇದೇ ಆ ಮರೆವಿನಿಂದಾಗದ ಸುಳ್ಳು. ಆ ಸಂಜೆ ಹೇಳಿದ್ದನ್ನೇ ಮುಂದೆ ಎಲ್ಲರಿಗೂ ಹೇಳಿದೆ. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ಸಂಜೆ ಮಾತ್ರ ಒಬ್ಬರು ಎದ್ದು, "ಅರ್ಜಿದಾಗ ಏನಂತ ಬರದಿದ್ರಿ ಮಾಸ್ತರ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಾಬಣ್ಣ ಹೇಳಿದ, "ನಾ ಹೇಳಿದ್ದ ಬರದಾರ. ನಾ ಅಲ್ಲೇ ಕುಂತಿದ್ದೆ."

ಅವನು ಅಲ್ಲೇ ಕೂತಿದ್ದ ಎಂಬುದು ನಿಜ. ನಾನು ಸುಮ್ಮನಿದ್ದೆ.

ಮುಂದಿನದು ಹುಕುಮಿನ ಒಂದು ಶಬ್ದದಿಂದ ನಡೆದದ್ದು. ಊರವರು ಹುಕುಮನ್ನು ಇನ್ನೊಮ್ಮೆ ಓದಿಸಿದರು. ಅಲ್ಲಿದ್ದ ಶಬ್ದ 'ಉತಾರ್'. ಇಳಿಸು ಎಂದರ್ಥ. ಹೆಗಲ ಮೇಲಿನ ಚೀಲ ಇಳಿಸುವುದಕ್ಕೂ, ಒಲೆಯ ಮೇಲಿನ ಗಡಿಗೆ ಇಳಿಸುವುದಕ್ಕೂ ಅದೇ ಶಬ್ದ. ಆಗ ಯಾರೋ ಅಂದರು:

"ಇಳಸ್ರಿ ಅಂದಾರ. ತಿರಗಿ ಏರಸಬ್ಯಾಡ್ರಿ ಅಂದಾರೇನು?"

ಈ ಮಾತನ್ನು ಗೋಡೆ ಕಟ್ಟುವ ಗೌಂಡಿ ಖಾಜಾಸಾಬ ಆಡಿದನೆಂದು ನಾನು ಇಷ್ಟು ವರ್ಷ ಹೇಳುತ್ತ ಬಂದೆ. ಅದು ಅವನ ಬಾಯಿಗೆ ಒಪ್ಪುತ್ತದೆ, ಅವನು ಹಾಗೆಯೇ ಮಾತಾಡುವವನು. ಆದರೆ ದಿನಚರಿಯ ತಾರೀಖು ನೋಡಿದರೆ ಖಾಜಾಸಾಬ ಆಗ ಊರಲ್ಲೇ ಇರಲಿಲ್ಲ. ಅವನನ್ನು ಕರೆಯಲು ಹೋದದ್ದೇ ಈ ಮಾತಿನಿಂದ. ದಿನಚರಿಯಲ್ಲಿ ಮಾತಿದೆ, ಆಡಿದವರ ಹೆಸರಿಲ್ಲ. ಕಟ್ಟೆಯ ಕೆಳಗೆ ಭೀಮವ್ವ ಮೊರದಲ್ಲಿ ಹೆಸರುಕಾಳು ಕೇರುತ್ತ ಕೂತಿದ್ದಳು ಎಂಬುದು ಮಾತ್ರ ಅದೇ ಪುಟದಲ್ಲಿದೆ. ಮೊರದ ಸಪ್ಪಳ ನಿಂತಿತು ಎಂದೂ ಬರೆದಿದ್ದೇನೆ. ಬಹುಶಃ ಅವಳೇ. ಗಂಡಸರು ತುಂಬಿದ ಚಾವಡಿಯಲ್ಲಿ ಹೆಂಗಸು ಆಡಿದ ಮಾತನ್ನು ಇಪ್ಪತ್ತನಾಲ್ಕರ ನಾನು ಹೆಸರು ಹಾಕದೆ ಬರೆದುಕೊಂಡೆ, ಆಮೇಲೆ ಒಬ್ಬ ಗಂಡಸಿಗೆ ಕೊಟ್ಟುಬಿಟ್ಟೆ. ಇದು ಮೊದಲನೆಯ ಸುಳ್ಳು.

ಕಲ್ಲು ಇಳಿಸುವುದು ಯಾರಿಗಾದರೂ ಬರುತ್ತದೆ. ತಿರುಗಿ ಏರಿಸುವುದಕ್ಕೆ ಗಚ್ಚಿನ ಕೆಲಸ ಬಲ್ಲ ಗೌಂಡಿ ಬೇಕು. ಸುತ್ತಲಿನ ಹಳ್ಳಿಗಳಲ್ಲಿ ಅದನ್ನು ಬಲ್ಲವನು ಖಾಜಾಸಾಬ ಒಬ್ಬನೇ. ಅದೇ ಊರಿನವನು. ನಿಜಾಮನ ಆಳಿಕೆ ಬಿದ್ದ ನಲವತ್ತೆಂಟರ ಗದ್ದಲದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಒಂದು ಬೆಳಿಗ್ಗೆ ಯಾದಗಿರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಊರಲ್ಲಿ ಯಾರೂ ಅವನ ಮೈಮುಟ್ಟಿರಲಿಲ್ಲ. ಇರು ಎಂದೂ ಯಾರೂ ಅಂದಿರಲಿಲ್ಲ.

ಸಾಬಣ್ಣನೂ ನಾನೂ ಯಾದಗಿರಿಗೆ ಹೋದೆವು. ಸ್ಟೇಷನ್ನಿನ ಹತ್ತಿರ ಒಂದು ಅಂಗಡಿಯ ಮುಂದಿನ ಗೋಡೆಗೆ ಖಾಜಾಸಾಬ ಸಿಮೆಂಟು ಮೆತ್ತುತ್ತಿದ್ದ. ಎತ್ತರದ ಆಳು, ಗಡ್ಡದ ತುಂಬ ಬೂದು ಧೂಳು. ಸಾಬಣ್ಣನನ್ನು ಕಂಡು ಕೈಯಲ್ಲಿದ್ದ ಕರಣಿಯನ್ನು ಕೆಳಗಿಡಲಿಲ್ಲ.

"ಖಾಜಾ, ಹುಡೇ ಇಳಸಬೇಕಂತ ಹುಕುಂ ಬಂದದ."

"ಇಳಸಾಕ ಗೌಂಡಿ ಯಾಕ ಬೇಕೋ? ಹಾರಿ ತಗೊಂಡು ಮೀಟು, ಬೀಳತದ."

"ಏರಸಾಕ ಬೇಕು."

ಖಾಜಾಸಾಬ ಮೆತ್ತುತ್ತಲೇ ಇದ್ದ. ಆಮೇಲೆ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದ, "ನಮ್ಮ ಮನಿ ತಲಬಾಗಲಾ ಯಾರ ಕಡೆ ಅದ?"

ಅವನು ಹೋದ ತಿಂಗಳೊಪ್ಪತ್ತಿನಲ್ಲಿ ಅವನ ಮನೆಯ ಬಾಗಿಲನ್ನು ಯಾರೋ ಕಿತ್ತುಕೊಂಡು ಹೋಗಿದ್ದರೆಂದು ನಾನು ಕೇಳಿದ್ದೆ. ಯಾರು ಎಂಬುದು ನನಗೆ ಗೊತ್ತಿರಲಿಲ್ಲ.

"ನನ್ನ ಕಡೆ ಅದ" ಎಂದ ಸಾಬಣ್ಣ. "ಕುರಿ ದೊಡ್ಡಿಗಿ ಹಚ್ಚೀನಿ. ಯಾರರೆ ಒಯ್ದಾರಂತ ಜ್ವಾಕಿ ಮಾಡೀನಿ ಅಂತ ಹೇಳಬೌದು. ಹೇಳಂಗಿಲ್ಲ. ಬೇಕಾಗಿತ್ತು, ತಂದೆ."

ಒಂದು ಗೂಡ್ಸು ಗಾಡಿ ಬಂದು ದಾಟಿ ಹೋಯಿತು. ಆ ಗಾಡಿ ದಿನಚರಿಯಲ್ಲಿಲ್ಲ, ನಾನು ಆಮೇಲೆ ಸೇರಿಸಿಕೊಂಡದ್ದಿರಬಹುದು.

"ತಗದಾಗ ಕಿರ್ ಅಂತಿತ್ತು ಅದು" ಎಂದ ಖಾಜಾಸಾಬ. "ಈಗೂ ಅಂತದೇನು?"

"ಅಂತದ. ಕುರಿ ಹೆದರತಾವ."

ಖಾಜಾಸಾಬ ಆಗ ಕರಣಿ ಕೆಳಗಿಟ್ಟ. "ನನ್ನ ಹೆಂಡ್ತಿ ಬರಂಗಿಲ್ಲ. ನಾ ಬರತೀನಿ. ಬಾಗಲಾ ಮೊದಲ ಹಚ್ಚು."

ತಿರುಗಿ ಬರುವ ಬಸ್ಸಿನಲ್ಲಿ ಸಾಬಣ್ಣನ ಪಕ್ಕ ಕೂತು, ಈಗ ಹೇಳಿಬಿಡಬೇಕು, ಚಾವಡಿಯಲ್ಲಿ ಎಲ್ಲರ ಮುಂದೆ ನನ್ನ ಶಬ್ದದಿಂದ ಆದದ್ದು ಎಂದು ಹೇಳಿಬಿಡುತ್ತೇನೆ ಎಂದುಕೊಂಡೆ. ಭೀಮೆಯ ಸೇತುವೆ ಬಂತು, ದಾಟಿತು. ಸಾಬಣ್ಣ ನಿದ್ದೆಗೆ ಜಾರಿದ. ಊರು ಬಂತು.

ಮಹಾನವಮಿ ಅಮಾವಾಸ್ಯೆಗೆ ಕೆಲಸ ಹಿಡಿದರು. ಹಿಂಗಾರಿ ಜೋಳ ಬಿತ್ತುವ ದಿನಗಳು, ಎತ್ತು ಒಂದೂ ಬಿಡುವಿಲ್ಲ. ಸುಣ್ಣ ಅರೆಯುವ ಗಾಣದ ಕಲ್ಲನ್ನು ಮನುಷ್ಯರೇ ಹೂಡಿಕೊಂಡು ತಿರುಗಿಸಿದರು, ಹೊಲದಿಂದ ಬಂದವರು ಕೈಕಾಲು ತೊಳೆಯದೆ ಹಾಗೆಯೇ. ಮನೆಗೊಂದು ಹಿಡಿ ಬೆಲ್ಲ ಬಂತು. ಖಾಜಾಸಾಬ ಅದನ್ನು ನೀರಿಗೆ ಹಾಕಿ ಕೊಳೆಯಿಸಿ, ಸುಣ್ಣಕ್ಕೆ ಸುರಿದು, ಬೆರಳಿನಿಂದ ತೆಗೆದು ನಾಲಗೆಗೆ ತಾಗಿಸಿ ನೋಡುತ್ತಿದ್ದ. "ಇನ್ನೊಂದಿನ ಇರಲಿ" ಅನ್ನುತ್ತಿದ್ದ. ಊರಿಗೆ ಊರೇ ಹುಳಿ ನಾರುತ್ತಿತ್ತು. ಅವನಿಗೆ ದಿನಕ್ಕೊಂದು ಮನೆಯಿಂದ ರೊಟ್ಟಿ. ಪಾಳಿ ತಪ್ಪಿಸಿ ಎರಡು ಮನೆಯವರು ಒಂದೇ ದಿನ ತಂದು ಜಗಳಾಡಿದ್ದೂ ಉಂಟು.

ಉಬ್ಬಿದ ಬದಿಯ ಕಲ್ಲುಗಳನ್ನು ಒಂದೊಂದೇ ಸುತ್ತು ಇಳಿಸಬೇಕು, ಇಳಿಸಿದ ಕಲ್ಲು ತಿರುಗಿ ತನ್ನ ಜಾಗಕ್ಕೇ ಹೋಗಬೇಕು. ಅದಕ್ಕೆ ಪ್ರತಿ ಕಲ್ಲಿಗೂ ಜಾಜಿನಿಂದ ಅಂಕಿ. ಬೆಳಿಗ್ಗೆ ಖಾಜಾಸಾಬ ಬರೆಯುತ್ತಿದ್ದ, ಶಾಲೆ ಬಿಟ್ಟ ಮೇಲೆ ನಾನು. ಅವನು ಉರ್ದು ಅಂಕಿ ಬರೆಯುತ್ತಿದ್ದ. ನಾನು ಕನ್ನಡ ಅಂಕಿ. ಅವನು ಒಂದು ಮಾತೂ ಅನ್ನಲಿಲ್ಲ, ನನಗೂ ಹೊಳೆಯಲಿಲ್ಲ. ಏರಿಸುವಾಗ ಮೂರನೆಯ ಸುತ್ತಿನಲ್ಲಿ ಒಂದು ಕಲ್ಲು ಕೂಡಲೇ ಇಲ್ಲ. ತಿರುವಿ, ಮಗುಚಿ, ಎಷ್ಟು ಕೂರಿಸಿದರೂ ಬೆರಳು ಹೋಗುವಷ್ಟು ಸಂದಿ. ಖಾಜಾಸಾಬ ನನ್ನನ್ನು ಬೈಯಲೂ ಆರದೆ ತನ್ನ ಗಡ್ಡ ಕೆರೆಯುತ್ತ ನಿಂತ. ಆಗ ಭೀಮವ್ವ ಬಂದಳು. ಕಲ್ಲು ಹೊತ್ತವರೆಲ್ಲ ಹೆಂಗಸರೇ.

"ಮಾಸ್ತರ, ನಿಮ್ಮ ಅಂಕಿ ತಪ್ಪ್ಯಾವ್ರಿ. ಇದು ಇಲ್ಲೀದಲ್ಲ, ಆ ಕಡೀದು. ನಾ ಹೊತ್ತೀನಿ ಇದನ್ನ, ನನ್ನ ಹೆಗಲಿಗಿ ಗುರ್ತದ."

ನೋಡಿದರೆ ಉರ್ದುವಿನ ಎಂಟು, ಕನ್ನಡದ ಒಂದು, ಅವಸರದಲ್ಲಿ ಕುಂಚದಿಂದ ಎಳೆದರೆ ಹೆಚ್ಚುಕಡಿಮೆ ಒಂದೇ ಕಮಾನು. ಅವನ ಎಂಟು ನನ್ನ ಒಂದರ ಜಾಗಕ್ಕೆ ಬಂದು ಕೂತಿತ್ತು. ಭೀಮವ್ವನಿಗೆ ಯಾವ ಅಂಕಿಯೂ ಬರುತ್ತಿರಲಿಲ್ಲ. ಅಂದಿನಿಂದ ಸಂಶಯ ಬಂದ ಕಲ್ಲನ್ನೆಲ್ಲ ಅವಳ ಮುಂದೆ ಇಡುತ್ತಿದ್ದೆವು. ಅವಳು ಒಂದು ಕೈ ಅಡಿಗೆ ಹಾಕಿ ಸ್ವಲ್ಪ ಎತ್ತಿ ನೋಡಿ ಹೇಳುತ್ತಿದ್ದಳು. "ಇಬ್ಬರು ಓದಿದಾವ್ರು ಕೂಡಿದ್ರ ನನ್ನಂಥಾಕಿ ಬೇಕಾತು" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಖಾಜಾಸಾಬ, "ಅಕ್ಕಾ, ನಾ ಓದಿಲ್ಲಬೇ, 'ಓದಿದಾವ್ರು' ಅಂತ ಮಾಸ್ತರಗ ಅಷ್ಟ ಬೈ" ಎನ್ನುತ್ತಿದ್ದ.

ಆ ಮೂರು ವಾರ ನನ್ನ ಜೀವನದಲ್ಲಿ ಬಹಳ ಸಂತೋಷದ್ದು ಎಂದು ಬರೆಯಬೇಕೆನ್ನಿಸುತ್ತದೆ. ದಿನಚರಿಯಲ್ಲಿ ಹಾಗೇನೂ ಇಲ್ಲ. ಬೆನ್ನು ನೋವು, ಸುಣ್ಣಕ್ಕೆ ಬೆರಳ ಸಂದಿ ಒಡೆದದ್ದು, ರೊಟ್ಟಿಗೆ ಪುಂಡಿಪಲ್ಲೆಯೇ ಮತ್ತೆ ಮತ್ತೆ ಬಂದದ್ದು, ಇವೇ ಇವೆ. ಆದರೂ ಸಂತೋಷದ್ದೇ ಅನ್ನುತ್ತೇನೆ. ಬಿತ್ತಿ ಬಂದ ಎರೆಹೊಲದ ತೇವದ ಗಾಳಿ, ಗಾಣದ ಕಲ್ಲಿನ ಗುರ್ ಗುರ್, ಮೇಲಿನಿಂದ ಸಾಬಣ್ಣ ಹಗ್ಗ ಎಳೆಯುತ್ತ "ಬರ್ಲಿ, ಬರ್ಲಿ" ಅನ್ನುವುದು. ಇದನ್ನು ಯಾರು ದಿನಚರಿಯಲ್ಲಿ ಬರೆಯುತ್ತಾರೆ, ನಾಳೆಯೂ ಇರುತ್ತದೆ ಎಂದುಕೊಂಡಿರುವಾಗ.

ಶೀಗಿ ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ ಹುಡೇವಿನ ತುದಿಗೆ ಕೊನೆಯ ಗಚ್ಚು ಬಿತ್ತು. ಅದು ಒಣಗುತ್ತಿರುವಾಗಲೇ ಒಂದು ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ ಗಿರ್ದಾವರ್ ಬಂದರು. ಹುಕುಂ ಜಾರಿಯಾಯಿತೋ ಇಲ್ಲವೋ ನೋಡಿ ಬರೆದುಕೊಂಡು ಹೋಗುವ ಅಧಿಕಾರಿ. ಬಿಳಿ ಶೇರ್ವಾನಿ, ಸೈಕಲ್ಲು, ಮುಖದ ತುಂಬ ಬೆವರು. ಹುಡೇವು ಊರಿಗೆ ಒಂದು ಮೈಲಿ ಇರುವಾಗಲೇ ಕಾಣುತ್ತದೆ, ಹೊಸ ಸುಣ್ಣ ಬೇರೆ ಬೆಳ್ಳಗೆ ಹೊಳೆಯುತ್ತಿತ್ತು. ಬಚ್ಚಿಡುವುದಂತೂ ಆಗುವಂತಿರಲಿಲ್ಲ. ಸಾಬಣ್ಣ ಮಾತ್ರ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಶಾಲೆಯ ಕುರ್ಚಿ ತಂದು ಚಾವಡಿಯ ಮುಂದಿನ ಬಯಲಿನಲ್ಲಿ ಹಾಕಿದೆವು. ಗಿರ್ದಾವರ್ ಕೂರಲಿಲ್ಲ. ಬಿಸಿಲು ಎಂದರು. ತಾವೇ ಕುರ್ಚಿಯನ್ನು ಎತ್ತಿ, ಹುಡೇವಿನ ನೆರಳು ಬಿದ್ದಲ್ಲಿ ಇಟ್ಟು, ಅದಕ್ಕೆ ಬೆನ್ನು ಮಾಡಿ ಕೂತರು. ಕೂತು ಕಾಗದ ತೆಗೆದರು.

"ಬುರುಜ್ ಇಳಸೀರೇನು?"

"ಇಳಸೀವ್ರಿ ಸಾಹೇಬ್ರ" ಎಂದ ಸಾಬಣ್ಣ.

"ಪೂರಾ?"

"ಹೊಟ್ಟಿ ಬಿಟ್ಟದ್ದು ಪೂರಾ ಇಳಸೀವ್ರಿ."

"ಮಖ್ದೂಶ್ ಹಿಸ್ಸಾ ಏನೂ ಉಳದಿಲ್ಲ?"

ಖಾಜಾಸಾಬನಿಗೆ ತಡೆಯಲಾಗಲಿಲ್ಲ. "ಈಗ ಆನಿ ತಂದು ಕಟ್ಟಿದ್ರೂ ಅಳ್ಳಾಡಂಗಿಲ್ರಿ ಸಾಬ್" ಎಂದುಬಿಟ್ಟ.

ಎಲ್ಲರೂ ನೆಲ ನೋಡಿದರು. ಗಿರ್ದಾವರ್ ಕನ್ನಡಕ ತೆಗೆದು ಒರೆಸಿದರು. "ನಾ ಅದನ್ನ ಕೇಳಿಲ್ಲ" ಎಂದರು.

ಆಮೇಲೆ ನನ್ನನ್ನು ಕರೆದರು. ಒಂದನೇ ತಾರೀಖಿನಿಂದ ಎಲ್ಲ ಕನ್ನಡದಲ್ಲಿ ಆಗಬೇಕಂತೆ, ವರದಿಯೂ ಕನ್ನಡದಲ್ಲಿ ಇದ್ದರೆ ಮುಂದಿನವರಿಗೆ ಅನುಕೂಲ, ತಮಗೆ ಬರೆಯಲು ಬರುವುದಿಲ್ಲ, ತಾವು ಹೇಗೂ ಹೈದರಾಬಾದಿಗೆ ಹೋಗುವವರು. "ಆಪ್ ಲಿಖಿಯೇ ಮಾಸ್ಟರ್ ಸಾಬ್" ಎಂದು ತಮ್ಮ ಪೆನ್ನನ್ನೇ ಕೊಟ್ಟರು.

ನಾನು ಕಾಗದ ಹಿಡಿದು ಸಾಬಣ್ಣನ ಹತ್ತಿರ ಹೋಗಿ ಕೂತೆ. "ಏನಂತ ಬರೀಲಿ?" ಎಂದು ಕೇಳಿದೆ.

"ಇಳಸೀವಿ ಅಂತ ಬರೀರಿ. ಖರೇನ ಅದ."

"ಏರಿಸಿದ್ದು?"

"ಅದು ಕಾಣಸಾಕತ್ತದಲ್ರಿ."

ಅವನು ಹೇಳಿದಷ್ಟೇ ಬರೆದೆ. ಗಿರ್ದಾವರ್ ಓದಿಸಿ ಕೇಳಿ, ಬಲದಿಂದ ಎಡಕ್ಕೆ ಸಹಿ ಎಳೆದರು. ಚಹಾ ಕುಡಿದರು. ಸೈಕಲ್ ಹತ್ತಿ ಹೊರಟರು. ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ.

ಖಾಜಾಸಾಬ ದೀಪಾವಳಿಯವರೆಗೆ ಇದ್ದು ಯಾದಗಿರಿಗೆ ಹೋದ. ತನ್ನ ಮನೆಯ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸಾಬಣ್ಣನಿಗೆ ಕೊಟ್ಟು ಹೋದ. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದನಂತೆ. ನನಗೆ ಮುಂದಿನ ಬೇಸಿಗೆಯಲ್ಲಿ ವರ್ಗವಾಯಿತು. ಸರಕಾರದ ಪುಸ್ತಕದಲ್ಲಿ ಆ ಊರಿಗೆ ಹುಡೇವು ಇಲ್ಲ. ಹಳೆಯ ಕಟ್ಟಡಗಳ ಪಟ್ಟಿ ಮಾಡಿದವರು ಬರೆದುಕೊಳ್ಳಲಿಲ್ಲ, ಕೆಡವುವವರೂ ಯಾರೂ ಬರಲಿಲ್ಲ.

ದಿನಚರಿಯಲ್ಲಿ ಆ ದಿನದ್ದು ಒಂದೇ ಸಾಲು: "ಗಿರ್ದಾವರ್ ಬಂದಿದ್ದರು. ವರದಿ ಬರೆದುಕೊಟ್ಟೆ." ಕುರ್ಚಿ ಇಲ್ಲ, ನೆರಳಿಲ್ಲ. ಹುಡೇವಿನ ನೆರಳಲ್ಲಿ ಕೂತು ಹುಡೇವು ಇಲ್ಲವೆಂದು ಸಹಿ ಮಾಡಿದ್ದು ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಎಂದರೆ, ನಾನೇ ಕಟ್ಟಿರಬಹುದೆಂದು ಸಂಶಯ ಬಂತು. ಅಲ್ಲಿ ಆ ಹೊತ್ತಿಗೆ ನೆರಳು ಬೀಳುತ್ತದೆಯೇ? ಇದನ್ನಾದರೂ ನೋಡಿ ಬರಬಹುದು. ಈ ಸಲದ ಶೀಗಿ ಹುಣ್ಣಿಮೆ ಕಳೆದು ನಾಲ್ಕನೆಯ ದಿನ ಬಸ್ಸು ಹತ್ತಿದೆ.

ನಾಲ್ಕು ಗಂಟೆಗೆ ಚಾವಡಿಯ ಮುಂದೆ ನಿಂತಿದ್ದೆ. ಬಯಲಿನಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳು ತಾಡಪತ್ರಿಯ ಮೇಲೆ ಶೇಂಗಾ ಒಣಹಾಕಿ, ಕಾಯುತ್ತ ಕೂತಿದ್ದಳು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಶಾಂತವ್ವ, ಸಾಬಣ್ಣನ ಸೊಸೆ. ನಾನಿದ್ದಾಗ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಸಾಬಣ್ಣ, ಭೀಮವ್ವ ಹೋಗಿ ಬಹಳ ವರ್ಷವಾಯಿತು.

"ಏನ್ ನೋಡಾಕತ್ತೀರಿ ಮಾಸ್ತರ?" ಎಂದಳು.

"ನೆರಳು ಎಲ್ಲಿಗೆ ಬರತದಂತ."

"ಬರತದ ತಡೀರಿ, ಇಲ್ಲೀಮಟಾ ಬರತದ" ಎಂದು ತಾಡಪತ್ರಿಯ ಅಂಚು ತೋರಿಸಿದಳು. ಕುರ್ಚಿ ಇಟ್ಟದ್ದು ಅದೇ ಜಾಗ. ಅಷ್ಟು ನಿಜ.

ಅವಳ ಪಕ್ಕ ಕಟ್ಟೆಯ ಮೇಲೆ ಕೂತೆ. ಶೇಂಗಾ ಸುಲಿದು ಕೊಟ್ಟಳು, ತಿಂದೆ. ಆಮೇಲೆ ಹೇಳಿದೆ. "ಶಾಂತವ್ವ, ಆ ವರ್ಷ ಹುಡೇ ಇಳಿಸಿರಿ ಅಂತ ಹುಕುಂ ಬಂದಿತ್ತಲ್ಲ. ಕಚೇರಿಯವರ ತಪ್ಪಲ್ಲ ಅದು. ನಿಮ್ಮ ಮಾವ ಮರಮ್ಮತ್ ಅಂತ ಬರೀರಿ ಅಂದಿದ್ದ. ನಾನು ಬರೀಲಿಲ್ಲ."

"ಗೊತ್ತದ್ರಿ" ಎಂದಳು ಶಾಂತವ್ವ.

"ಮಾವ ಹೇಳಿದ್ದನೇನು?"

"ಮಾವ ಎಲ್ಲಿ ಹೇಳತಾನ್ರಿ. ಆ ಗುಮಾಸ್ತ ನಮ್ಮ ಅತ್ತಿ ತವರಮನಿ ಕಡ್ಯಾವ. ವಾರದಾಗ ಊರಿಗೆಲ್ಲ ಗೊತ್ತಾಗಿತ್ತು. ಮಾಸ್ತರ ಎದುರಿಗಿ ಯಾರೂ ಈ ಮಾತು ತಗೀಬ್ಯಾಡ್ರಿ, ಸಣ್ಣ ಹುಡುಗ ಅದಾನ, ಮನಸಿಗಿ ಹಚ್ಚಕೋತಾನ ಅಂತ ಮಾವ ಎಲ್ಲಾರ ಮನೀಗೂ ಹೋಗಿ ಹೇಳಿ ಬಂದಿದ್ದ. ಗೌಂಡಿಗೂ ಹೇಳಿದ್ದ."

ಹುಡೇವಿನ ನೆರಳು ಶೇಂಗಾದ ಅಂಚಿಗೆ ಬಂದು ಮುಟ್ಟಿತು. ಶಾಂತವ್ವ ಮಂಡಿಯ ಮೇಲೆ ಕೈಯೂರಿ ಎದ್ದಳು. "ನೀವು ಆ ಕಡೆ ಹಿಡೀರಿ ಮಾಸ್ತರ" ಎಂದಳು. ತಾಡಪತ್ರಿಯ ಎರಡು ತುದಿ ಅವಳು, ಎರಡು ತುದಿ ನಾನು ಹಿಡಿದು, ಅದನ್ನು ಬಿಸಿಲಿಗೆ ಎಳೆದೆವು.